ಹೆಸರಿನ ಜಾಗದಲ್ಲೊಂದು ಚುಕ್ಕೆ

ಐದೂ ಐವತ್ತು ಅಂದರೂ, ಆರಕ್ಕೆ ಹತ್ತು ನಿಮಿಷ ಅಂದರೂ ಗಡಿಯಾರದ ಮುಳ್ಳು ಇರೋದು ಒಂದೇ ಕಡೆ. ಒಬ್ಬರು ಅದನ್ನ ‘ಐವತ್ತು ಆಯ್ತು’ ಅಂತ ಓದ್ತಾರೆ, ಇನ್ನೊಬ್ಬರು ‘ಇನ್ನೂ ಹತ್ತು ಕಮ್ಮಿ’ ಅಂತ ಓದ್ತಾರೆ. ಮೊದಲ ಅರ್ಧ ಗಂಟೆಯಲ್ಲಿ ಈ ತಕರಾರೇ ಇಲ್ಲ. ಐದೂ ಹತ್ತು ಎಲ್ಲರಿಗೂ ಐದೂ ಹತ್ತೇ. ಮುಳ್ಳು ಕೆಳಗಿಳಿದು, ಮತ್ತೆ ಮೇಲಕ್ಕೆ ಹತ್ತೋಕೆ ಶುರು ಮಾಡಿದ ಮೇಲೆ ಮಾತ್ರ ಎರಡು ಲೆಕ್ಕ.

ಕಂಪ್ಯೂಟರಿನ ಒಂದು ಬೈಟ್ ಕೂಡ ಇಂಥದ್ದೇ ಒಂದು ಗಡಿಯಾರ. 60 ಗೆರೆಯ ಬದಲು 256 ಗೆರೆ, ಅಷ್ಟೇ ವ್ಯತ್ಯಾಸ. ಸೊನ್ನೆಯಿಂದ 127ರ ತನಕ ಯಾರು ಓದಿದರೂ ಉತ್ತರ ಒಂದೇ. ಅದನ್ನು ದಾಟಿದರೆ ಒಬ್ಬರು 128, 129 ಅಂತ 255ರವರೆಗೂ ಎಣಿಸಿಕೊಂಡು ಹೋಗ್ತಾರೆ. ಇನ್ನೊಬ್ಬರು ಅದೇ ಗೆರೆಗಳನ್ನ ಮೈನಸ್ 128, ಮೈನಸ್ 127 ಅಂತ ಶುರು ಮಾಡಿ ಮೈನಸ್ 1ಕ್ಕೆ ಬಂದು ನಿಲ್ಲಿಸ್ತಾರೆ. ಮೊದಲನೆಯವರ ಲೆಕ್ಕಕ್ಕೆ ಅನ್‌ಸೈನ್ಡ್ ಅಂತ ಹೆಸರು, ಎರಡನೆಯವರದಕ್ಕೆ ಸೈನ್ಡ್. ಒಳಗಿರೋ ಎಂಟು ಬಿಟ್‌ಗಳು ಒಂಚೂರೂ ಬದಲಾಗಿರಲ್ಲ. ಓದೋರು ಬೇರೆ, ಅಷ್ಟೇ.

ಓದೋರು ಯಾರು ಅನ್ನೋದನ್ನ ಪ್ರೋಗ್ರಾಮ್ ಬರೆಯುವವರೇ ಹೇಳಬೇಕಲ್ಲವಾ? ಸಿ ಭಾಷೆಯಲ್ಲಿ ಹೆಚ್ಚಿನ ಕಡೆ ಅದು ನಿಗದಿಯಾಗಿಯೇ ಇದೆ. ‘ಇಂಟ್’ ಅಂತ ಬರೆದರೆ ಅದು ಸೈನ್ಡ್ ಅಂತಲೇ ಅರ್ಥ. ಆದರೆ ಅಕ್ಷರಗಳನ್ನು ಇಡೋಕೆ ಬಳಸುವ ‘ಚಾರ್’ ಮಾತ್ರ ವಿಚಿತ್ರ. ‘ಸೈನ್ಡ್ ಚಾರ್’ ಒಂದು ಬಗೆ, ‘ಅನ್‌ಸೈನ್ಡ್ ಚಾರ್’ ಇನ್ನೊಂದು ಬಗೆ, ಬರೀ ‘ಚಾರ್’ ಮೂರನೆಯ ಬಗೆ. ಈ ಮೂರನೆಯದು ಮೊದಲೆರಡರಲ್ಲಿ ಯಾವುದರ ಹಾಗೆ ನಡೆದುಕೊಳ್ಳಬೇಕು ಅನ್ನೋದನ್ನ 1989ರಲ್ಲಿ ಬಂದ ಸಿ ಮಾನಕ ಕಂಪೈಲರ್ ಮಾಡುವವರ ಇಷ್ಟಕ್ಕೆ ಬಿಟ್ಟಿತು. ಇವತ್ತಿಗೂ ಹಾಗೇ ಇದೆ. ನಿಮ್ಮ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಹಾಕಿಕೊಂಡು ಜಿಸಿಸಿಯಲ್ಲಿ ಕಂಪೈಲ್ ಮಾಡಿದರೆ ‘ಚಾರ್’ ಸೈನ್ಡ್. ಅದೇ ಜಿಸಿಸಿ, ಅದೇ ಲಿನಕ್ಸ್, ಆದರೆ ರಾಸ್ಪ್‌ಬೆರಿ ಪೈ ತರಹದ ಆರ್ಮ್ ಚಿಪ್ಪಿನ ಮೇಲೆ ಅನ್‌ಸೈನ್ಡ್. ಆರ್ಮ್ ಚಿಪ್ಪೇ ಇರುವ ಆಪಲ್ ಲ್ಯಾಪ್‌ಟಾಪಿಗೆ ಹೋದರೆ ಮತ್ತೆ ಸೈನ್ಡ್! ಮೈಕ್ರೋಸಾಫ್ಟ್ ಕಂಪೈಲರ್ ಕೂಡ ಸೈನ್ಡ್ ಪಾರ್ಟಿಯೇ.

ಇದು ಯಾರದೋ ಸೋಮಾರಿತನ ಅಂದುಕೋಬೇಡಿ. ಸಿ ಹುಟ್ಟಿದ್ದು 1970ರ ದಶಕದ ಶುರುವಿನಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ, ಡೆನ್ನಿಸ್ ರಿಚಿ ಕೈಯಲ್ಲಿ. ಆಗ ಅವರ ಹತ್ತಿರ ಇದ್ದ ಪಿಡಿಪಿ-11 ಯಂತ್ರ, ಒಂದು ಬೈಟನ್ನು ರಿಜಿಸ್ಟರಿಗೆ ಎತ್ತಿಕೊಳ್ಳುವಾಗ ಮೈನಸ್ ಚಿಹ್ನೆಯನ್ನೂ ಎಳೆದುಕೊಂಡೇ ಬರುತ್ತಿತ್ತು. ಬೇರೆ ಕೆಲವು ಯಂತ್ರಗಳು ಖಾಲಿ ಜಾಗಕ್ಕೆ ಸೊನ್ನೆ ತುಂಬುತ್ತಿದ್ದವು. ಆಮೇಲೆ ಬಂದ ಆರ್ಮ್‌ನ ಮೊದಮೊದಲ ಚಿಪ್‌ಗಳಲ್ಲೂ ಸೊನ್ನೆ ತುಂಬುವ ಆದೇಶ ಮಾತ್ರ ಇತ್ತು. ಸೈನ್ಡ್ ಬೇಕು ಅಂದರೆ ಪ್ರತಿ ಅಕ್ಷರಕ್ಕೂ ಹೆಚ್ಚುವರಿ ಕೆಲಸ. ಯಾವ ಯಂತ್ರಕ್ಕೆ ಯಾವುದು ಸಲೀಸೋ ಅದನ್ನೇ ಮಾಡಿಕೊಳ್ಳಲಿ ಅಂತ ಬಿಟ್ಟರು. ಬಿಡಬಹುದಿತ್ತು ಕೂಡ, ಯಾಕಂದರೆ ಇಂಗ್ಲಿಷಿನ ಎಲ್ಲ ಅಕ್ಷರ, ಅಂಕಿ, ಚಿಹ್ನೆಗಳೂ 127ರ ಒಳಗೇ ಮುಗಿದುಹೋಗುತ್ತವೆ. ಗಡಿಯಾರದ ಮೊದಲ ಅರ್ಧದಲ್ಲೇ ಬದುಕುವವರಿಗೆ ಎರಡನೇ ಅರ್ಧ ಹೇಗೆ ಓದಿದರೇನು?

ಆದರೆ ನಾವಿರೋದು ಎರಡನೇ ಅರ್ಧದಲ್ಲಿ.

ಇದು ನೀತಿಮಾತಲ್ಲ, ಬರೀ ಲೆಕ್ಕ. 1991ರಲ್ಲಿ ಭಾರತೀಯ ಭಾಷೆಗಳಿಗೆ ಅಂತ ಇಸ್ಕಿ ಅನ್ನೋ ಮಾನಕ ಬಂತು. ಕೆಳಗಿನ ಅರ್ಧವನ್ನು ಇಂಗ್ಲಿಷಿಗೆ ಬಿಟ್ಟು, ನಮ್ಮ ಅಕ್ಷರಗಳನ್ನ 161ರಿಂದ ಮೇಲಕ್ಕೆ ಕೂರಿಸಿದರು. ಈಗ ಎಲ್ಲರೂ ಬಳಸುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರ ತನಕ 128 ಸೈಟು. ಅದನ್ನು ಬೈಟುಗಳಾಗಿ ಒಡೆಯುವ ಯುಟಿಎಫ್-8 ವಿಧಾನವನ್ನು 1992ರಲ್ಲಿ ಮಾಡಿದವರು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್. ಅದೂ ಬೆಲ್ ಲ್ಯಾಬ್ಸ್‌ನವರ ಕೆಲಸವೇ. ಅದರ ಪ್ರಕಾರ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಚಿಹ್ನೆಗೂ ಮೂರು. ‘ಕ’ ಅಂದರೆ 224, 178, 149. ಸೈನ್ಡ್ ಕಣ್ಣಿಗೆ ಅದೇ ಮೈನಸ್ 32, ಮೈನಸ್ 78, ಮೈನಸ್ 107. ಫ್ರೆಂಚ್ ಹೆಸರಿನಲ್ಲಿ ತಲೆಯ ಮೇಲೆ ಗೀಟಿರೋ ಒಂದೆರಡು ಅಕ್ಷರ ಮಾತ್ರ 127 ದಾಟುತ್ತವೆ. ಕನ್ನಡದಲ್ಲಿ ಬರೆದ ಹೆಸರಿನಲ್ಲಿ ದಾಟದ ಅಕ್ಷರವೇ ಇಲ್ಲ.

ಇಷ್ಟು ದೊಡ್ಡ ಪೀಠಿಕೆ ಯಾಕೆ ಹಾಕಿದೆ ಅಂದರೆ, ಈ ಲೆಕ್ಕ ನನ್ನ ಎದುರಿಗೆ ಬಂದು ನಿಂತಿದ್ದು ಬನಶಂಕರಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ.

ನಾನು ಕೆಲಸ ಮಾಡ್ತಿದ್ದ ಕಂಪನಿ ಬಿಟಿಎಂ ಎರಡನೇ ಹಂತದಲ್ಲಿ, ಒಂದು ಮನೆಯ ಮೇಲಿನ ಎರಡು ಮಹಡಿಗಳಲ್ಲಿತ್ತು. ಲ್ಯಾಬುಗಳಿಗೆ, ಔಷಧಿ ಅಂಗಡಿಗಳಿಗೆ ಲೇಬಲ್ ಪ್ರಿಂಟ್ ಮಾಡೋ ಪುಟ್ಟ ಪೆಟ್ಟಿಗೆ ನಮ್ಮ ಪ್ರಾಡಕ್ಟ್. ರಕ್ತ ತೆಗೆದ ಟ್ಯೂಬಿಗೆ ಅಂಟಿಸ್ತಾರಲ್ಲ, ಹೆಸರು, ವಯಸ್ಸು, ದಿನಾಂಕ, ಬಾರ್‌ಕೋಡ್ ಇರೋ ಚೀಟಿ, ಅದು. ಕನ್ನಡದಲ್ಲೂ ಹೆಸರು ಬರುತ್ತೆ ಅನ್ನೋದೇ ನಮ್ಮ ಸೇಲ್ಸ್‌ನವರ ದೊಡ್ಡ ಮಾತು. ಮೊದಲು ಪೆಟ್ಟಿಗೆಯೊಳಗೆ ಆರ್ಮ್ ಚಿಪ್ಪಿನ ಬೋರ್ಡ್ ಇತ್ತು. ಆ ಬೋರ್ಡ್ ಸಿಗೋದು ಕಷ್ಟವಾದಾಗ ಇಂಟೆಲ್ ಚಿಪ್ಪಿನ ಮಿನಿ ಪಿಸಿಗೆ ಬದಲಾಯಿಸಿದರು. ಸಾಫ್ಟ್‌ವೇರ್ ಅದೇ. ಮತ್ತೆ ಕಂಪೈಲ್ ಮಾಡಿದರು, ಟೆಸ್ಟ್ ಪಾಸಾಯ್ತು, ಪೆಟ್ಟಿಗೆಗಳು ಹೊರಟವು.

ಒಂದು ವಾರಕ್ಕೆ ಲ್ಯಾಬಿನ ಟೆಕ್ನಿಷಿಯನ್ ಹುಡುಗನ ಫೋನು. “ಮೇಡಂ, ಹೆಸರೇ ಬರ್ತಿಲ್ಲ. ಬರೀ ಚುಕ್ಕೆ ಬರ್ತಿದೆ.”

ಚುಕ್ಕೆ ಅಂದರೇನು ಅಂತ ಅರ್ಥವಾಗಲಿಲ್ಲ. ಫೋಟೋ ಕಳಿಸಿದ. ನಿಜವಾಗಿಯೂ ಚುಕ್ಕೆಯೇ. ವಯಸ್ಸು ಸರಿ ಇತ್ತು, ದಿನಾಂಕ ಸರಿ ಇತ್ತು, ಬಾರ್‌ಕೋಡ್ ನೀಟಾಗಿತ್ತು. ಹೆಸರಿನ ಜಾಗದಲ್ಲಿ ಒಂದೇ ಒಂದು ಚುಕ್ಕೆ. ಪಕ್ಕದ ಟ್ಯೂಬಿನಲ್ಲೂ ಇನ್ನೊಂದು ಚುಕ್ಕೆ. ಇಂಗ್ಲಿಷಿನಲ್ಲಿ ಹೆಸರು ಬರೆಸಿದವರ ಲೇಬಲ್‌ಗಳೆಲ್ಲ ಚೆನ್ನಾಗಿಯೇ ಬಂದಿದ್ದವು.

ಕನ್ನಡ ಅಂದ ತಕ್ಷಣ ಆಫೀಸಿನಲ್ಲಿ ಎಲ್ಲರ ಅನುಮಾನವೂ ಫಾಂಟ್ ಮೇಲೆ ಹೋಗುತ್ತೆ. ಅದು ಅಭ್ಯಾಸಬಲ. ಒತ್ತಕ್ಷರ ಕೂರದೆ ಇರೋದು, ಅಕ್ಷರದ ಬದಲು ಡಬ್ಬಿ ಬರೋದು ಇವನ್ನೆಲ್ಲ ನೋಡಿ ನೋಡಿ ಸಾಕಾಗಿದೆಯಲ್ಲ. ಒಬ್ಬರು ಫಾಂಟ್ ಫೈಲ್ ಬದಲಾಯಿಸಿದರು, ಇನ್ನೊಬ್ಬರು ಒತ್ತಕ್ಷರ ಜೋಡಿಸೋ ಲೈಬ್ರರಿಯ ಹೊಸ ಆವೃತ್ತಿ ಹಾಕಿದರು. ಚುಕ್ಕೆ ಚುಕ್ಕೆಯಾಗಿಯೇ ಉಳೀತು. ನನಗೆ ಮಾತ್ರ ಒಂದು ಕೊರೆಯೋಕೆ ಶುರುವಾಯ್ತು. ಫಾಂಟ್ ಕೆಟ್ಟರೆ ಡಬ್ಬಿಯಾದರೂ ಕಾಣಬೇಕು. ಇಲ್ಲಿ ಡಬ್ಬಿಯೂ ಇಲ್ಲ. ಅಂದರೆ ಅಕ್ಷರಗಳು ಫಾಂಟ್ ತನಕ ತಲುಪೇ ಇಲ್ಲ.

ಮಾರನೇ ದಿನ ಬೆಳಿಗ್ಗೆ ರಿಂಗ್ ರೋಡಿನಲ್ಲಿ ಬಸ್ ಹಿಡಿದು ಬನಶಂಕರಿಗೆ ಹೋದೆ. ಏಳು ಗಂಟೆ ಆಗಿರಲಿಲ್ಲ, ಆಗಲೇ ಖಾಲಿ ಹೊಟ್ಟೆಯಲ್ಲಿ ಬಂದು ಕೂತವರ ಸಾಲು. ಹೆಚ್ಚಿನವರು ಅರವತ್ತು ದಾಟಿದವರು. ಒಂದು ವಿಷಯ ನಾನು ಗಮನಿಸಿದ್ದು ಅಲ್ಲೇ. ಟೆಕ್ನಿಷಿಯನ್ ಟ್ಯೂಬಿಗೆ ಚೀಟಿ ಅಂಟಿಸಿ, ಅದನ್ನು ರೋಗಿಯ ಕಡೆ ತಿರುಗಿಸಿ, “ಅಮ್ಮಾ, ನಿಮ್ಮದೇನಾ ನೋಡಿ” ಅಂತ ತೋರಿಸ್ತಿದ್ದ. ಅವರು ಕನ್ನಡಕ ಸರಿ ಮಾಡಿಕೊಂಡು, ಹೆಸರು ಓದಿ, ಹೂಂ ಅಂದ ಮೇಲೇ ಸೂಜಿ. ಆ ಲ್ಯಾಬಿನ ಪದ್ಧತಿ ಅದು. ಚುಕ್ಕೆ ಬರೋಕೆ ಶುರುವಾದ ಮೇಲೆ ಪ್ರತಿ ಚೀಟಿಯ ಮೇಲೂ ಬಾಲ್‌ಪೆನ್ನಿನಲ್ಲಿ ಹೆಸರು ಗೀಚ್ತಿದ್ದ. ನುಣುಪು ಕಾಗದ, ಶಾಯಿ ಕೂರ್ತಿರಲಿಲ್ಲ. ಬೆರಳು ತಾಗಿದರೆ ಅಳಿಸಿಹೋಗ್ತಿತ್ತು.

ಅಲ್ಲಿ ಕೂತೇ ಲಾಗ್ ತೆಗೆದೆ. ಒಬ್ಬ ರೋಗಿಯ ಹೆಸರು ‘ಎಂ. ಸಾವಿತ್ರಮ್ಮ’ ಅಂತಿಟ್ಟುಕೊಳ್ಳಿ, ನಿಜವಾದ ಹೆಸರು ಬೇಡ. ಇನಿಷಿಯಲ್ಲಿನ ‘ಎ’ ಮತ್ತು ಸೊನ್ನೆಗೆ ಆರು ಬೈಟ್. ಚುಕ್ಕೆಗೊಂದು, ಸ್ಪೇಸಿಗೊಂದು. ಸಾವಿತ್ರಮ್ಮನವರಿಗೆ ಕಾಗುಣಿತ, ಒತ್ತು ಎಲ್ಲ ಬಿಡಿಸಿದರೆ ಹತ್ತು ಚಿಹ್ನೆ, ಮೂವತ್ತು ಬೈಟ್. ಒಟ್ಟು 38 ಬೈಟ್ ಒಳಗೆ ಹೋಗ್ತಿತ್ತು, ಎರಡು ಹೊರಗೆ ಬರ್ತಿತ್ತು. ಚುಕ್ಕೆ, ಸ್ಪೇಸು. ಇವೆರಡೂ ಇಂಗ್ಲಿಷ್ ಕೀಲಿಮಣೆಯವು, 46 ಮತ್ತು 32. ಕನ್ನಡದ 36 ಬೈಟೂ ಮಾಯ.

ಅಲ್ಲಿಂದ ಮುಂದೆ ದಾರಿ ಸುಲಭವಿತ್ತು. ಲೇಬಲ್ ಜೋಡಿಸೋಕೆ ನಾವು ಹೊರಗಿನವರ ಒಂದು ಹಳೆಯ ಸಿ ಲೈಬ್ರರಿ ಬಳಸ್ತಿದ್ದೆವು. ಅದರಲ್ಲಿ ಹೆಸರನ್ನು ‘ಸ್ವಚ್ಛ’ ಮಾಡೋ ಒಂದು ಫಂಕ್ಷನ್. ಟ್ಯಾಬ್, ಎಂಟರ್ ತರಹದ ಕಾಣದ ಚಿಹ್ನೆಗಳೆಲ್ಲ 32ಕ್ಕಿಂತ ಕೆಳಗಿರುತ್ತವೆ, ಅವು ಪ್ರಿಂಟರಿಗೆ ಹೋದರೆ ಲೇಬಲ್ ಹಾಳಾಗುತ್ತೆ. ಅದಕ್ಕೇ ಆ ಕೋಡಿನಲ್ಲಿ ಒಂದು ಸಾಲು: ‘ಚಾರ್’ನ ಬೆಲೆ 32ಕ್ಕಿಂತ ಕಮ್ಮಿ ಇದ್ದರೆ ಬಿಸಾಕು. ಆರ್ಮ್ ಪೆಟ್ಟಿಗೆಯಲ್ಲಿ ‘ಕ’ದ ಮೊದಲ ಬೈಟ್ 224, ಅಂದರೆ 32ಕ್ಕಿಂತ ಜಾಸ್ತಿ, ಉಳೀತು. ಇಂಟೆಲ್ ಪೆಟ್ಟಿಗೆಯಲ್ಲಿ ಅದೇ ಬೈಟ್ ಮೈನಸ್ 32. ಮೈನಸ್ ಇದ್ದದ್ದೆಲ್ಲ 32ಕ್ಕಿಂತ ಕಮ್ಮಿಯೇ. ಕಸದ ಜೊತೆ ಕನ್ನಡವೂ ಹೊರಗೆ.

ಕಂಪೈಲರ್ ಇದರ ಬಗ್ಗೆ ಒಂದು ಮಾತೂ ಆಡಲ್ಲ. ಅದಕ್ಕೆ ಎರಡು ಓದೂ ಕಾನೂನುಬದ್ಧ. ಆದರೆ ಬೇರೊಂದು ಕಡೆ ಅದು ಎಚ್ಚರಿಸಿತ್ತು. ನಮ್ಮ ಕೋಡು ಹೆಸರನ್ನು ‘ಅನ್‌ಸೈನ್ಡ್ ಚಾರ್’ ಪಾಯಿಂಟರ್ ಮೂಲಕ ಕೊಡ್ತಿತ್ತು, ಲೈಬ್ರರಿ ಬರೀ ‘ಚಾರ್’ ಪಾಯಿಂಟರ್ ಕೇಳ್ತಿತ್ತು. ಇಬ್ಬರ ಸೈನ್ ಹೊಂದ್ತಿಲ್ಲ ಅಂತ ಜಿಸಿಸಿ ವಾರ್ನಿಂಗ್ ಕೊಡುತ್ತೆ. ಸಿ++ ಆಗಿದ್ದರೆ ವಾರ್ನಿಂಗ್ ಅಲ್ಲ, ನೇರವಾಗಿ ಎರರ್. ನಾನು ಸೇರೋಕೆ ಎಷ್ಟೋ ಮುಂಚೆ ಯಾರೋ ಆ ಕಿರಿಕಿರಿ ತಾಳಲಾರದೆ ಮೇಕ್‌ಫೈಲಿನಲ್ಲಿ ಆ ವಾರ್ನಿಂಗನ್ನೇ ಆಫ್ ಮಾಡಿದ್ದರು. ಬಾಗಿಲ ಹತ್ತಿರ ನಾಯಿ ಬೊಗಳುತ್ತೆ ಅಂತ ಅದರ ಬಾಯಿಗೆ ಬಟ್ಟೆ ಕಟ್ಟಿದ ಹಾಗೆ.

ಮಧ್ಯಾಹ್ನ ಆಫೀಸಿಗೆ ವಾಪಸ್ ಬಂದೆ. ಮೀಟಿಂಗು. ಕಾರಣ ಸಿಕ್ಕಿದೆ, ಆ ಸಾಲನ್ನ ಸರಿಪಡಿಸಿ, ಇಡೀ ಲೈಬ್ರರಿಯಲ್ಲಿ ಇಂಥ ಜಾಗಗಳನ್ನ ಹುಡುಕಿ ಪರೀಕ್ಷೆ ಮಾಡೋಕೆ ನಾಲ್ಕು ದಿನ ಬೇಕು ಅಂದೆ. ಮ್ಯಾನೇಜರ್ ಯೋಚಿಸಿದರು. ಕೆಟ್ಟವರಲ್ಲ, ಮನೆಯಲ್ಲಿ ಕನ್ನಡವೇ. “ನಾಲ್ಕು ದಿನ ಯಾಕಮ್ಮಾ? ಹೆಸರನ್ನ ಇಂಗ್ಲಿಷಿನಲ್ಲೇ ಟೈಪ್ ಮಾಡ್ಕೊಳ್ಳಿ ಅಂತ ಲ್ಯಾಬಿಗೆ ಹೇಳೋಣ. ಹೇಗಿದ್ದರೂ ಬಾರ್‌ಕೋಡ್ ಇದೆಯಲ್ಲ. ಮುಂದಿನ ರಿಲೀಸಿನಲ್ಲಿ ಕನ್ನಡ ನೋಡಿಕೊಂಡರಾಯ್ತು.”

ಈ ಮಾತು ನೀವೂ ಎಲ್ಲೋ ಕೇಳಿರ್ತೀರಿ. ಇದರಲ್ಲಿ ದ್ವೇಷ ಇಲ್ಲ, ತಾತ್ಸಾರ ಕೂಡ ಇಲ್ಲ. ಲೆಕ್ಕ ಇದೆ. ಆ ಲೆಕ್ಕದಲ್ಲಿ ಇಂಗ್ಲಿಷ್ ಅನ್ನೋದು ಪ್ರಾಡಕ್ಟು, ಕನ್ನಡ ಅನ್ನೋದು ಫೀಚರ್ರು. ಫೀಚರ್ ಕೆಟ್ಟರೆ ಮುಂದಿನ ರಿಲೀಸ್ ತನಕ ಕಾಯಬಹುದು.

ನಾನು ಭಾಷಾಭಿಮಾನದ ಮಾತು ಆಡಲಿಲ್ಲ. ಆಡಿದ್ದರೆ ಸೋಲ್ತಿದ್ದೆ ಅಂತ ಗೊತ್ತಿತ್ತು. ಬೆಳಿಗ್ಗೆ ಕಂಡದ್ದನ್ನ ಹೇಳಿದೆ. ಬಾರ್‌ಕೋಡನ್ನ ಓದೋದು ಯಂತ್ರ. ಯಂತ್ರಕ್ಕೆ ತಪ್ಪು ಚೀಟಿ ಕೊಟ್ಟರೆ ಅದು ತಪ್ಪು ಚೀಟಿಯನ್ನ ಬಹಳ ಕರಾರುವಾಕ್ಕಾಗಿ ಓದುತ್ತೆ. ಚೀಟಿ ಸರಿಯಾದ ಕೈಗೆ ಬಂತೋ ಇಲ್ಲವೋ ಅಂತ ನೋಡೋರು ಆ ಕುರ್ಚಿಯಲ್ಲಿ ಕೂತವರು. ಅವರಿಗೆ ಓದೋಕೆ ಬರೋದು ಕನ್ನಡ ಮಾತ್ರ ಅಂದರೆ, ಇಂಗ್ಲಿಷ್ ಚೀಟಿ ತೋರಿಸಿ “ನಿಮ್ಮದೇನಾ” ಅಂತ ಕೇಳೋದಕ್ಕೂ ಚುಕ್ಕೆ ತೋರಿಸಿ ಕೇಳೋದಕ್ಕೂ ವ್ಯತ್ಯಾಸ ಇಲ್ಲ. ಅವರು ಎರಡಕ್ಕೂ ಹೂಂ ಅಂತಾರೆ. ಇನ್ನು ಲಕ್ಷ್ಮಿಯನ್ನೋ ಶಾರದಾನ್ನೋ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಕೌಂಟರಿನಲ್ಲಿ ಕೂತವರ ಮರ್ಜಿಗೆ ತಕ್ಕಂತೆ ಮೂರು ಸ್ಪೆಲ್ಲಿಂಗ್. ಹೋದ ತಿಂಗಳ ರಿಪೋರ್ಟಿನ ಶಾರದಾ ಈ ತಿಂಗಳು ಇನ್ನೊಬ್ಬರಾಗಿಬಿಡ್ತಾರೆ.

ರೂಮಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮ್ಯಾನೇಜರ್, “ನಮ್ಮಮ್ಮನೂ ಅಂಥ ಕಡೆಯೇ ಹೋಗೋದು” ಅಂದರು. “ನಾಲ್ಕು ದಿನ. ಐದಾಗೋದು ಬೇಡ.”

ಆ ಒಂದು ಸಾಲಿಗೆ ಬೇಕಾದ್ದು ಎರಡು ನಿಮಿಷ. ಹೋಲಿಸುವ ಮುಂಚೆ ಬೈಟನ್ನು ‘ಅನ್‌ಸೈನ್ಡ್ ಚಾರ್’ ಅಂತ ಬಾಯಿಬಿಟ್ಟು ಹೇಳಿದರೆ ಮುಗೀತು. ಉಳಿದ ದಿನಗಳು ಹೋದದ್ದು ಅದರ ಅಣ್ಣತಮ್ಮಂದಿರನ್ನು ಹುಡುಕೋಕೆ. ಇದು ಅಕ್ಷರವಾ, ಅಂಕಿಯಾ ಅಂತ ಕೇಳುವ ಸಿ ಲೈಬ್ರರಿಯ ಫಂಕ್ಷನ್‌ಗಳಿಗೆ ಮೈನಸ್ ಬೆಲೆ ಕೊಡಬಾರದು, ಕೊಟ್ಟರೆ ಏನು ಬೇಕಾದರೂ ಆಗಬಹುದು ಅಂತ ಮಾನಕವೇ ಹೇಳುತ್ತೆ. ಅಂಥ ಕಡೆ ಐದಾರು. ‘ಚಾರ್’ನ್ನೇ ಪಟ್ಟಿಯ ಇಂಡೆಕ್ಸ್ ಮಾಡಿಕೊಂಡ ಕಡೆ ಎರಡು. ಮೈನಸ್ 32ನೇ ಮನೆ ಅಂದರೆ ಪಟ್ಟಿಯಿಂದಾಚೆ, ಯಾರದೋ ಸೈಟು. ಕಂಪೈಲರಿಗೆ ಒಂದು ಫ್ಲ್ಯಾಗ್ ಕೊಟ್ಟು ಎಲ್ಲ ಕಡೆಯೂ ‘ಚಾರ್’ ಅನ್‌ಸೈನ್ಡ್ ಅಂತ ಘೋಷಿಸಿಬಿಡಬಹುದಲ್ಲ ಅಂತ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆಯೇ. ಲಿನಕ್ಸ್ ಕರ್ನಲ್‌ನವರು 2023ರ ಫೆಬ್ರವರಿಯಲ್ಲಿ ಬಂದ 6.2 ಆವೃತ್ತಿಯಿಂದ ಅದನ್ನೇ ಮಾಡಿದ್ದಾರೆ. ಇಡೀ ಕರ್ನಲ್ ಅವರ ಒಂದೇ ಮೇಕ್‌ಫೈಲಿನಡಿ ಕಂಪೈಲ್ ಆಗುತ್ತೆ, ಹಾಗಾಗಿ ನಡೆಯುತ್ತೆ. ನಮ್ಮ ಕೋಡನ್ನು ನಾಳೆ ಇನ್ಯಾರೋ ಇನ್ನೆಲ್ಲೋ ಆ ಫ್ಲ್ಯಾಗ್ ಇಲ್ಲದೆ ಕಂಪೈಲ್ ಮಾಡಿದರೆ ಚುಕ್ಕೆ ಮತ್ತೆ ಬರುತ್ತೆ. ಕೋಡಿನೊಳಗೇ ಬರೆದಿಡೋದು ಕ್ಷೇಮ ಅಂತ ತೀರ್ಮಾನವಾಯ್ತು. ಆಫ್ ಮಾಡಿದ್ದ ವಾರ್ನಿಂಗ್ ಕೂಡ ವಾಪಸ್ ಬಂತು.

ಇದು ಬೀದಿ ಬದಿಯ ಲೇಬಲ್ ಪೆಟ್ಟಿಗೆಯ ಕತೆ, ದೊಡ್ಡವರ ಕೋಡಿನಲ್ಲಿ ಹೀಗಾಗಲ್ಲ ಅಂದುಕೊಂಡರೆ 2011ರದ್ದೊಂದು ಕತೆ ಇದೆ. ಪಾಸ್‌ವರ್ಡ್‌ಗಳನ್ನು ಹ್ಯಾಶ್ ಮಾಡೋ ಕ್ರಿಪ್ಟ್-ಬ್ಲೋಫಿಶ್ ಅನ್ನೋ ಲೈಬ್ರರಿ. ಪಿಎಚ್‌ಪಿ, ಪೋಸ್ಟ್‌ಗ್ರೆಸ್ ಎಲ್ಲ ಅದನ್ನ ಬಳಸ್ತಿದ್ದವು. ಅದು ಪಾಸ್‌ವರ್ಡಿನ ನಾಲ್ಕು ನಾಲ್ಕು ಬೈಟುಗಳನ್ನ ಒಂದು ಕಟ್ಟಾಗಿ ಸೇರಿಸ್ತಿತ್ತು. ‘ಚಾರ್’ ಸೈನ್ಡ್ ಆಗಿರೋ ಕಡೆ 127 ದಾಟಿದ ಬೈಟ್ ಬಂದರೆ, ಅದರ ಮೈನಸ್ ಚಿಹ್ನೆ ಹಿಂದಕ್ಕೆ ಹರಡಿಕೊಂಡು ಅದೇ ಕಟ್ಟಿನ ಹಿಂದಿನ ಮೂರು ಬೈಟುಗಳನ್ನ ಅಳಿಸಿಬಿಡ್ತಿತ್ತು. ಇಂಗ್ಲಿಷ್ ಪಾಸ್‌ವರ್ಡಿಗೆ ಏನೂ ಆಗ್ತಿರಲಿಲ್ಲ. ಕನ್ನಡದಲ್ಲಿ ಪಾಸ್‌ವರ್ಡ್ ಇಟ್ಟುಕೊಂಡವರನ್ನ ನೆನೆಸಿಕೊಳ್ಳಿ. ಪ್ರತಿ ಬೈಟೂ 127ರ ಆಚೆಯದು, ಪ್ರತಿ ಕಟ್ಟಿನ ಕೊನೆಯ ಬೈಟ್ ಹಿಂದಿನ ಮೂರನ್ನ ನುಂಗುತ್ತೆ. ಉದ್ದದ ಪಾಸ್‌ವರ್ಡ್ ಇಟ್ಟು ನೆಮ್ಮದಿಯಾಗಿರ್ತೀರಿ, ಒಳಗೆ ಅದರ ಮುಕ್ಕಾಲು ಪಾಲಿಗೆ ಬೆಲೆಯೇ ಇಲ್ಲ. ಸರಿಪಡಿಸಿದ ಮೇಲೆ ಹಳೆಯ ಹ್ಯಾಶಿಗೂ ಹೊಸದಕ್ಕೂ ಬೇರೆ ಬೇರೆ ಗುರುತು ಹಾಕಬೇಕಾಯ್ತು. ಲ್ಯಾಬಿನಲ್ಲಿ ಚುಕ್ಕೆಯಾದರೂ ಕಣ್ಣಿಗೆ ಬಿತ್ತು. ಇಲ್ಲಿ ಅದೂ ಇಲ್ಲ.

ಎರಡೂ ಕತೆಯಲ್ಲಿ ನನಗೆ ಕಾಣೋದು ಒಂದೇ. ಯಾರೂ ನಮ್ಮ ಭಾಷೆಯ ವಿರುದ್ಧ ಕೋಡ್ ಬರೆದಿಲ್ಲ. ‘ಯಾವುದಾದರೂ ಆಗಲಿ’ ಅಂತ ಬಿಟ್ಟ ಜಾಗ ಅದು, ಬಿಟ್ಟವರಿಗೆ ಅದರಿಂದ ನಷ್ಟ ಇಲ್ಲ. ತೀರ್ಮಾನ ಮಾಡದೇ ಬಿಟ್ಟದ್ದರ ಖರ್ಚು ಬೀಳೋದು ಆ ಜಾಗದಲ್ಲಿ ವಾಸ ಇರುವವರ ಮೇಲೆ. 127ರ ಕೆಳಗಿರೋ ಟೆಸ್ಟರ್ ಸಾವಿರ ಸಲ ಪರೀಕ್ಷಿಸಿದರೂ ಇದು ಅವರಿಗೆ ಕಾಣಲ್ಲ. ಕಾಣಬೇಕಾದ್ದು ನಮಗೇ.

ಅದಕ್ಕೆ ಹೊಸ ಯಂತ್ರ ಕೊಳ್ಳಬೇಕಾಗಿಲ್ಲ. ಜಿಸಿಸಿಗಾಗಲಿ ಕ್ಲಾಂಗ್‌ಗಾಗಲಿ ‘ಚಾರ್’ ಸೈನ್ಡ್ ಮಾಡೋ ಫ್ಲ್ಯಾಗೂ ಇದೆ, ಅನ್‌ಸೈನ್ಡ್ ಮಾಡೋದೂ ಇದೆ. ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಸಲ ಕಂಪೈಲ್ ಮಾಡಿ, ಎರಡು ಸಲ ಟೆಸ್ಟ್ ಓಡಿಸಿ. ಉತ್ತರ ಬೇರೆ ಬಂದರೆ ಎಲ್ಲೋ ಯಾರೋ ತೀರ್ಮಾನ ಬಾಕಿ ಉಳಿಸಿದ್ದಾರೆ ಅಂತ ಅರ್ಥ. ನಾನು ಪೈಥಾನ್ ಬರೆಯೋಳು, ಜಾವಾ ಬರೆಯೋನು, ನನಗ್ಯಾಕೆ ಸಿ ಅನ್ನೋರಿಗೂ ಒಂದು ಕೆಲಸ ಇದೆ. ನಿಮ್ಮ ಪ್ರಾಡಕ್ಟಿನಲ್ಲಿ ಹೆಸರು ಕೇಳುವ ಜಾಗ ಎಲ್ಲಿದೆಯೋ ಅಲ್ಲಿ ನಿಮ್ಮ ಅಜ್ಜಿಯ ಹೆಸರನ್ನ ಕನ್ನಡದಲ್ಲಿ ಹಾಕಿ, ಕೊನೆಯ ಪ್ರಿಂಟ್ ತನಕ ಹಿಂಬಾಲಿಸಿ. ಹತ್ತು ನಿಮಿಷದ ಕೆಲಸ.

ನಮ್ಮ ಟೆಸ್ಟ್ ಫೈಲಿನಲ್ಲಿ ಅಲ್ಲಿಯ ತನಕ ಇದ್ದದ್ದು ‘ಜಾನ್ ಸ್ಮಿತ್’ ಒಬ್ಬರೇ, ಅದೂ ಇಂಗ್ಲಿಷ್ ಲಿಪಿಯಲ್ಲಿ. ಬಿಟಿಎಂ ಲೇಔಟಿನ ಕಂಪನಿಗೆ ಅವರು ಯಾವಾಗ ರಕ್ತ ಕೊಟ್ಟರೋ ಗೊತ್ತಿಲ್ಲ. ಐದನೇ ದಿನ ಅವರ ಕೆಳಗೆ ಸಾವಿತ್ರಮ್ಮ, ಹೃಷಿಕೇಶ, ಶ್ರೀಲಕ್ಷ್ಮಿ, ಕೃಷ್ಣೋಜಿರಾವ್ ಬಂದು ಸೇರಿದರು. ಪಕ್ಕದ ಸೀಟಿನ ತಮಿಳು ಸಹೋದ್ಯೋಗಿ ತನ್ನ ಊರಿನ ನಾಲ್ಕು ಹೆಸರು ಸೇರಿಸಿದ. ಈಗ ಪ್ರತಿ ರಾತ್ರಿ ಬಿಲ್ಡ್ ಆಗುವಾಗ ಅವರೆಲ್ಲ ಒಮ್ಮೆ ಪ್ರಿಂಟ್ ಆಗ್ತಾರೆ.